ಬಾಯಿ ಬಿಡದ ಪಾಸ್‌ವರ್ಡ್

ನನಗೆ ಕೋಪ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಕಲಿತ ವಿದ್ಯೆಯಲ್ಲಿ ಅರ್ಧಕ್ಕರ್ಧ ಯಾರ ಮೇಲೋ ಸಿಟ್ಟು ಮಾಡಿಕೊಂಡು ಕಲಿತದ್ದು. ಕಂಪ್ಯೂಟರ್ ಭದ್ರತೆ ಎಂದು ಈಗ ದೊಡ್ಡದಾಗಿ ಕರೆಯುತ್ತಾರಲ್ಲ, ಅದರ ಮೊದಲ ಪಾಠವೂ ಹಾಗೆಯೇ ಆಯಿತು.

ತೊಂಬತ್ತರ ದಶಕದ ನಡುವೆ ನಂಜನಗೂಡಿನಲ್ಲಿ ಒಂದು ಹೋಟೆಲಿನ ಮಹಡಿಯ ಮೇಲೆ ಕಂಪ್ಯೂಟರ್ ತರಬೇತಿ ಕೇಂದ್ರ ಶುರುವಾಗಿತ್ತು. ಕವಲಂದೆಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅಪ್ಪನಿಗೆ ಇದು ಸುತರಾಂ ಇಷ್ಟವಿರಲಿಲ್ಲ. "ಟೈಪಿಂಗ್ ಕಲ್ತಿದ್ದೀಯಲ್ಲ, ಸಾಲ್ದಾ? ಅದ್ರಲ್ಲೂ ಕುಟ್ಟೋದೇ, ಇದ್ರಲ್ಲೂ ಕುಟ್ಟೋದೇ" ಎನ್ನುತ್ತಿದ್ದರು. ಕೇಂದ್ರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈ ತೊಳೆದು ಒಳಗೆ ಹೋಗಬೇಕಿತ್ತು. ಕೆಳಗಿನಿಂದ ಸಾಂಬಾರಿನ ವಾಸನೆ, ಎದುರಿಗೆ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಯಂತ್ರ ಶುರುವಾದ ಕೂಡಲೇ ಪಾಸ್‌ವರ್ಡ್ ಕೇಳುತ್ತಿತ್ತು. ಅದನ್ನು ಮೇಷ್ಟ್ರು ಕರಿಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು, ಯಾರೂ ಅಳಿಸದಿರಲಿ ಎಂದು ಸುತ್ತ ಚೌಕ ಹಾಕಿದ್ದರು.

"ಹಲಗೆ ಮೇಲೆ ಬರೆದ ಮೇಲೆ ಅದು ಯಾಕೆ ಸರ್ ಬೇಕು?" ಎಂದು ಕೇಳಿದೆ.

"ಅದು ಕೇಳುತ್ತೆ, ನಾವು ಕೊಡ್ತೀವಿ. ಅಷ್ಟೇ ಕಣಮ್ಮ. ಮುಂದಿನ ಸಾಲು ಬರ್ಕೋ."

ತರಗತಿಯವರೆಲ್ಲ ನಕ್ಕರು. ನನಗೆ ಮೈ ಉರಿದುಹೋಯಿತು. ಬೀಗವನ್ನೂ ಬೀಗದ ಕೈಯನ್ನೂ ಒಂದೇ ಮೊಳೆಗೆ ನೇತುಹಾಕಿ, ಅದನ್ನು ಶಿಸ್ತು ಎಂದು ಕರೆಯುವ ಇವರಿಗೆ ಯಾರಾದರೂ ಬುದ್ಧಿ ಹೇಳಬೇಡವೇ? ಆ 'ಯಾರಾದರೂ' ನಾನೇ ಆಗುತ್ತೇನೆ ಎಂದು ಬಸ್ಸಿನಲ್ಲಿ ಕುಳಿತು ನಿರ್ಧಾರ ಮಾಡಿದೆ. ಹತ್ತೊಂಬತ್ತರ ವಯಸ್ಸಿನಲ್ಲಿ ಇಂಥ ನಿರ್ಧಾರಗಳು ಸುಲಭವಾಗಿ ಬರುತ್ತವೆ, ಅಷ್ಟೇ ಸುಲಭವಾಗಿ ಹೋಗುತ್ತವೆ. ನನ್ನದು ಹೋಗಲಿಲ್ಲ, ಅಷ್ಟೇ ವ್ಯತ್ಯಾಸ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಖಾಸಗಿ ಶಿಕ್ಷಣ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದೆ. ಸಂಸ್ಥೆಯ ಒಂದು ಕಾಲೇಜು ನಂಜನಗೂಡಿನಲ್ಲಿ, ಇನ್ನೊಂದು ತಿ. ನರಸೀಪುರದಲ್ಲಿ. ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುವುದರ ಜೊತೆಗೆ ಎರಡೂ ಕಚೇರಿಗಳ ಕಂಪ್ಯೂಟರುಗಳ ಉಸ್ತುವಾರಿಯೂ ನನ್ನದೇ. ವಾರಕ್ಕೆರಡು ದಿನ ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿ ನರಸೀಪುರಕ್ಕೆ ಹೋಗುತ್ತಿದ್ದೆ. ಆಗಷ್ಟೇ ಮೈಸೂರಿನ ಯಾರಿಂದಲೋ ಹೊಸ ಸಾಫ್ಟ್‌ವೇರ್ ಬರೆಸಿ ತಂದಿದ್ದರು. ಪ್ರವೇಶ, ಅಂಕ, ಹಾಜರಾತಿ ಎಲ್ಲ ಅದರೊಳಗೆ. ಕಚೇರಿಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್, ಬೇರೆ ಬೇರೆ ಪಾಸ್‌ವರ್ಡ್. ಯಾರ ಲಾಗಿನ್‌ನಿಂದ ಯಾವ ದಿನ ಏನು ತಿದ್ದಿದರು ಎಂಬುದನ್ನು ಅದು ತನ್ನಷ್ಟಕ್ಕೆ ನೆನಪಿಟ್ಟುಕೊಳ್ಳುತ್ತಿತ್ತು. ಸಂಸ್ಥೆಯ ಕಾರ್ಯದರ್ಶಿಗಳಿಗೆ ಇದು ಬಲು ಹಿಡಿಸಿತ್ತು. ಭೂಮಿಕಾಣಿ ಇದ್ದ ದೊಡ್ಡ ಮನೆತನದ ಹಿರಿಯರು, ಮಾತು ಗಟ್ಟಿ. "ಮನ್ಸ ಸುಳ್ ಯೋಳ್ತಾನೆ, ಕಂಪ್ಯೂಟರ್ ಯೋಳಲ್ಲ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು.

ಅವರ ಪಾಸ್‌ವರ್ಡ್ ಮಾತ್ರ ಇಡೀ ಕಾಲೇಜಿಗೆ ಗೊತ್ತಿತ್ತು. ಮೈಸೂರಿನಿಂದ ಫೋನ್ ಮಾಡಿ, ತಮ್ಮ ಲಾಗಿನ್‌ನಿಂದ ಏನನ್ನೋ ತೆಗೆದು ನೋಡಲು ಹೆಡ್ ಕ್ಲರ್ಕಿಗೆ ಹೇಳುತ್ತಿದ್ದರು. ಲೈನ್ ಸರಿಯಿರುತ್ತಿರಲಿಲ್ಲ. ಅವರು ಅಲ್ಲಿಂದ ಕೂಗುವುದು, ಇವರು ಇಲ್ಲಿಂದ ಒಂದೊಂದೇ ಅಕ್ಷರ ತಿರುಗಿ ಕೂಗಿ ಖಾತ್ರಿ ಮಾಡಿಕೊಳ್ಳುವುದು. ಕಿಟಕಿಯ ಹೊರಗೆ ಶುಲ್ಕ ಕಟ್ಟಲು ನಿಂತ ಮಕ್ಕಳು ಬಾಯಿಪಾಠ ಮಾಡಿಕೊಂಡಿದ್ದರು. ನಾನು ಹಟ ಹಿಡಿದು ಅವರೇ ಪಾಸ್‌ವರ್ಡ್ ಬದಲಾಯಿಸುವಂತೆ ಮಾಡಿದೆ. ಆಮೇಲೆ ಅವರು ಅದನ್ನು ಫೋನಿನಲ್ಲಿ ಕೂಗಲಿಲ್ಲ, ಅಷ್ಟರಮಟ್ಟಿಗೆ ನನ್ನ ಗೆಲುವು.

ಉಳಿದವರದು ಇನ್ನೊಂದು ಬಗೆ. ನರಸೀಪುರದ ಕಚೇರಿಯಲ್ಲಿ ಸಂಜೆ ಬಸ್ಸಿನ ಹೊತ್ತಾಗುತ್ತಿದ್ದಂತೆ "ಮಿಕ್ಕಿದ್ದ ನನ್ನದ್ರಲ್ಲೇ ಆಕ್ಬುಡಿ, ನಾ ಬತ್ತೀನಿ" ಎಂದು ಒಬ್ಬರು ಎದ್ದರೆ, ಪಕ್ಕದವರು ಆ ಕುರ್ಚಿಗೆ ಜರುಗುತ್ತಿದ್ದರು. ಪಾಸ್‌ವರ್ಡ್ ಕೇಳುವ ಪ್ರಮೇಯವೇ ಇಲ್ಲ, ಎಲ್ಲರದೂ ಎಲ್ಲರಿಗೂ ಗೊತ್ತು. ಒಬ್ಬರು ಅದನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದರು. ಅದನ್ನು ಕಿತ್ತುಹಾಕಿದೆ. ಮುಂದಿನ ವಾರ ಹೋದಾಗ ಅದು ಕ್ಯಾಲೆಂಡರಿನ ಹಿಂದೆ ಹೋಗಿತ್ತು. ಎಲ್ಲಿದೆ ಎಂದು ತೋರಿಸಿಕೊಟ್ಟವರು ಅವರೇ, ನಾನು ಮೆಚ್ಚುತ್ತೇನೆ ಎಂದುಕೊಂಡು.

ನಂಜನಗೂಡಿಗೆ ಬಂದವಳೇ ಇದನ್ನೆಲ್ಲ ಹೇಳಿ ರೇಗಿದೆ. ಅಲ್ಲಿಯ ಹೆಡ್ ಕ್ಲರ್ಕ್ ಕನ್ನಡಕ ಮೇಲೆತ್ತಿ ನನ್ನನ್ನೇ ನೋಡಿದರು. ನಿವೃತ್ತಿಗೆ ಹತ್ತಿರವಿದ್ದ ಸಮಾಧಾನದ ಮನುಷ್ಯ.

"ಅಲ್ಲ ಕಣವ್ವಾ, ಊರ್ಗೆ ಓಗುವಾಗ ಬೀಗದ್ ಕೈಯ ಪಕ್ಕದ್ ಮನೇಲಿ ಕೊಟ್ಟು ಓಗಲ್ವಾ? ಕೊಡ್ದೆ ಓದ್ರೆ ಅವ್ರು ಏನಂದ್ಕತಾರೆ? ಇಷ್ಟ್ ವರ್ಸ ಒಟ್ಗೆ ಕೂತು ಉಂಡೋರ್ಗೆ, ನಂದು ನಿಂಗೆ ಯೋಳಲ್ಲ ಅಂತ ಎಂಗಪ್ಪ ಅನ್ನೋದು?"

ನನ್ನ ಕೋಪ ಇಳಿಯಲಿಲ್ಲ. ಆದರೆ ಅವರ ಮಾತು ತಲೆಯಲ್ಲಿ ಕೂತುಬಿಟ್ಟಿತು. ಜನ ಸೋಮಾರಿಗಳು, ಅಸಡ್ಡೆಯವರು, ಅದಕ್ಕೇ ಪಾಸ್‌ವರ್ಡನ್ನು ಹಂಚಿಕೊಳ್ಳುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಇವರು ಅಸಡ್ಡೆಯಿಂದ ಕೊಡುತ್ತಿರಲಿಲ್ಲ, ಮರ್ಯಾದೆಯಿಂದ ಕೊಡುತ್ತಿದ್ದರು. ಕೊಡದವರನ್ನು ಕೆಟ್ಟವರು ಎನ್ನುತ್ತಿದ್ದರು. ಇಂಥದ್ದರ ವಿರುದ್ಧ ನಿಯಮ ಬರೆದು ಗೋಡೆಗೆ ಹಚ್ಚಿದರೆ ಏನು ಪ್ರಯೋಜನ?

ಆದರೂ ಹಚ್ಚಿದೆ. ಎಲ್ಲರನ್ನೂ ಕೂರಿಸಿ ಒಂದು ಮಧ್ಯಾಹ್ನ ಪಾಠವನ್ನೂ ಮಾಡಿದೆ. "ಪ್ರಾಣ ಹೋದರೂ ಬಾಯಿಂದ ಹೊರಗೆ ಬರಬಾರದು, ಅಂಥದ್ದನ್ನು ಪಾಸ್‌ವರ್ಡ್ ಮಾಡಿಕೊಳ್ಳಿ" ಎಂದು ಮೇಜು ಕುಟ್ಟಿ ಹೇಳಿದೆ. ಎಲ್ಲರೂ ನಕ್ಕರು. ನಂಜನಗೂಡಿನ ಕಚೇರಿಯಲ್ಲಿ ಹಾಜರಾತಿ ನೋಡಿಕೊಳ್ಳುತ್ತಿದ್ದ ಅಕ್ಕ ಮಾತ್ರ ನಗಲಿಲ್ಲ. "ಯಾರು ಎಷ್ಟೇ ಬಲವಂತ ಮಾಡುದ್ರೂ ಬರ್ಬಾರ್ದು, ಅಲ್ವಾ ಮೇಡಂ?" ಎಂದು ಕೇಳಿದರು. ಹೌದು ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ಜಾಗಕ್ಕೆ ಹೋಗಿ, ಒಂದೇ ಬೆರಳಿನಲ್ಲಿ ಏನನ್ನೋ ಒತ್ತಿದರು.

ಅವರು ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು, ಎಷ್ಟು ಹೇಳಿದರೂ ಬಿಡಲಿಲ್ಲ. ತವರು ಬದನವಾಳಿನ ಕಡೆ. ಅವರ ತಾಯಿ ಅಲ್ಲಿಯ ಖಾದಿ ಕೇಂದ್ರದಲ್ಲಿ ನೂಲು ತೆಗೆದು ಮಗಳನ್ನು ಪಿಯುಸಿ ಓದಿಸಿದ್ದರು. ಗಂಡ ನಂಜನಗೂಡಿನ ಬಸ್ ನಿಲ್ದಾಣದ ಹತ್ತಿರ ಟೈಲರ್ ಅಂಗಡಿ ಇಟ್ಟಿದ್ದ ಸಾಧು ಮನುಷ್ಯ. ಅತ್ತೆ ಸಾಧುವಲ್ಲ. ಸೊಸೆ ಹೊರಗೆ ದುಡಿಯಲು ಆಕೆ ಒಪ್ಪಿದ್ದೇ ಒಂದು ಷರತ್ತಿನ ಮೇಲೆ: ಕಚೇರಿಯಿಂದ ಒಂದು ಕೆಟ್ಟ ಮಾತು ಮನೆಯ ಹೊಸಿಲಿಗೆ ಬಂದರೂ ಅವತ್ತಿಗೆ ಕೆಲಸ ಮುಗಿಯಿತು. ಅಕ್ಕ ಇದನ್ನು ಬುತ್ತಿ ಬಿಚ್ಚುತ್ತಾ ನಗುನಗುತ್ತಲೇ ಹೇಳಿದ್ದರು. ನಾನೂ ಆಗ ನಕ್ಕಿದ್ದೆ.

ಎರಡು ಕಚೇರಿಗಳಲ್ಲಿ ನನ್ನ ಮಾತು ಕೇಳಿದವರು ಅವರೊಬ್ಬರೇ. ಪಾಸ್‌ವರ್ಡನ್ನು ಯಾರಿಗೂ ಹೇಳಲಿಲ್ಲ. ರಜೆ ಹಾಕಿದ ದಿನ ಅವರ ಕೆಲಸ ನಿಂತೇ ಇರುತ್ತಿತ್ತು. "ಏನ್ ಅಷ್ಟೊಂದು ಬಿಗುಮಾನ" ಎಂದು ಉಳಿದವರು ಗೊಣಗುತ್ತಿದ್ದರು. ಅಕ್ಕ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ.

ಮರುವರ್ಷ ಪರೀಕ್ಷೆಗೆ ಮುಂಚೆ ಗಲಾಟೆ ಎದ್ದಿತು. ಹಾಜರಾತಿ ಕಡಿಮೆಯಿದ್ದವರಿಗೆ ಪರೀಕ್ಷೆಗೆ ಕೂರಲು ಬಿಡುತ್ತಿರಲಿಲ್ಲ. ತರಗತಿಗೆ ತಲೆಯೇ ಹಾಕದ ಒಬ್ಬ ವಿದ್ಯಾರ್ಥಿಗೆ ಪ್ರವೇಶಪತ್ರ ಬಂದಿತ್ತು. ಪಾಠ ಮಾಡುವ ಉಪನ್ಯಾಸಕರು ಹೌಹಾರಿದರು. ಕಂಪ್ಯೂಟರ್ ತೆಗೆದು ನೋಡಿದರೆ ಅವನ ಹಾಜರಾತಿ ತುಂಬಿ ತುಳುಕುತ್ತಿದೆ, ತಿದ್ದಿದ್ದು ಅಕ್ಕನ ಲಾಗಿನ್‌ನಿಂದ. ಆ ದಿನ ಅಕ್ಕ ಕೆಲಸಕ್ಕೆ ಬಂದಿದ್ದರು. ಸಾಫ್ಟ್‌ವೇರ್ ತಾರೀಕನ್ನಷ್ಟೇ ಇಟ್ಟುಕೊಳ್ಳುತ್ತಿತ್ತು, ಗಂಟೆಯನ್ನಲ್ಲ. ನಾನು ನೋಡಿದ್ದೇ ತಲೆ ಚಚ್ಚಿಕೊಂಡೆ.

ಕಾರ್ಯದರ್ಶಿಗಳು ಅಕ್ಕನನ್ನು ಕರೆಸಿದರು. ಪ್ರಾಂಶುಪಾಲರು ಪಕ್ಕದಲ್ಲಿ, ನಾನು ಬಾಗಿಲ ಬಳಿ.

"ನಿನ್ ಪಾಸ್‌ವರ್ಡ್ ಯಾರ್ಗಾದ್ರೂ ಯೋಳಿದ್ದೀಯಾ?"

"ಇಲ್ಲ ಸಾ."

"ಯಾರ್ಗೂ?"

"ಯಾರ್ಗೂ ಇಲ್ಲ ಸಾ."

"ಮತ್ತೆ ಇನ್ಯಾರ್ ತಿದ್ದುದ್ರು? ನೀನೇ ತಾನೆ?"

ಅಕ್ಕ ಬಾಗಿಲ ಬಳಿಯಿದ್ದ ನನ್ನ ಕಡೆ ತಿರುಗಿ ನೋಡಿದರು. ಉಳಿದ ಯಾರ ಲಾಗಿನ್‌ನಿಂದ ಈ ಕೆಲಸವಾಗಿದ್ದರೂ "ನಂದು ಎಲ್ಲರ್ಗೂ ಗೊತ್ತು ಸಾ" ಎಂದು ಕೈ ತೊಳೆದುಕೊಳ್ಳುತ್ತಿದ್ದರು. ನಿಯಮ ಪಾಲಿಸಿದ ಒಬ್ಬರಿಗೇ ಅದು ಉರುಲಾಗಿತ್ತು. ಗುಟ್ಟು ಕಾಪಾಡಿದ್ದೇ ಅವರ ಮೇಲಿನ ಸಾಕ್ಷಿ!

"ಆಯ್ತು, ಆ ಪಾಸ್‌ವರ್ಡ್ ಏನು? ಅದ್ನಾದ್ರೂ ಯೋಳು" ಎಂದರು ಕಾರ್ಯದರ್ಶಿಗಳು.

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡಿದರು. "ಅದು ಆಗಾಕಿಲ್ಲ ಸಾ."

"ಆಗಾಕಿಲ್ಲ ಅಂದ್ರೆ?"

"ಯೋಳಾಕೆ ಬರಾಕಿಲ್ಲ ಸಾ."

ಕಾರ್ಯದರ್ಶಿಗಳು ಕುರ್ಚಿಯ ಹಿಂದಕ್ಕೆ ಒರಗಿ ಪ್ರಾಂಶುಪಾಲರ ಮುಖ ನೋಡಿದರು. ಇನ್ನು ಹೇಳುವುದೇನಿದೆ ಎಂಬಂಥ ನೋಟ. ಮುಂದಿನ ಸೋಮವಾರ ಆಡಳಿತ ಮಂಡಳಿಯ ಸಭೆ, ಅಲ್ಲಿ ಕೆಲಸದಿಂದ ತೆಗೆಯುವ ತೀರ್ಮಾನ, ಅಲ್ಲಿಯವರೆಗೆ ಕಂಪ್ಯೂಟರ್ ಮುಟ್ಟಬಾರದು ಎಂದುಬಿಟ್ಟರು. ನಾನು ಬಾಯಿ ತೆಗೆದೆ. "ಕಂಪ್ಯೂಟರ್ ಸುಳ್ ಯೋಳಲ್ಲ ಅಂತ ನೀನೇ ತಾನೆ ಪಾಠ ಮಾಡಿದ್ದು?" ಎಂದರು. ನಾನು ಹಾಗೆ ಯಾವತ್ತೂ ಹೇಳಿರಲಿಲ್ಲ. ಅದು ಅವರದೇ ಮಾತು. ವಾದ ಮಾಡುವ ಮುಂಚೆ ಅವರು ಎದ್ದು ಹೊರಟಿದ್ದರು.

ಅಕ್ಕ ಕಾಲೇಜಿನ ಹಿಂದಿನ ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದರು. ಅಳುತ್ತಿರಲಿಲ್ಲ. ಅದು ಇನ್ನೂ ಕಷ್ಟ.

"ಮನೇಲಿ ಇನ್ನೂ ಯೋಳಿಲ್ಲ ಮೇಡಂ. ಸ್ವಾಮಾರದ ಮೇಲೆ ಗೊತ್ತಾಯ್ತದಲ್ಲ. ಆಮೇಲೆ ನಮ್ಮತ್ತೆ ನನ್ನ ಸಂತೆಗೂ ಒಬ್ಳನ್ನೇ ಕಳ್ಸಾಕಿಲ್ಲ. ಕೆಲ್ಸ ಓದ್ರೆ ಓಗ್ಲಿ ಅನ್ಬೌದು. ಕಳ್ಳಿ ಅನ್ನುಸ್ಕೊಂಡು ಓಗೋದು ಎಂಗೆ?"

"ಕಾರ್ಯದರ್ಶಿಗಳಿಗೆ ಹೇಳೋಕೆ ಆಗದಂಥದ್ದು ಏನಕ್ಕ ಅದು? ಕೆಟ್ಟ ಮಾತಾ?"

"ಅಯ್ಯೋ, ಕೆಟ್ಟದ್ದಲ್ಲ ಬುಡಿ" ಎಂದು ಅವರು ಗಾಬರಿಯಾದರು. "ಅದ್ನ ಬಾಯಲ್ಲಿ ಯೋಳಂಗಿಲ್ಲ. ನಾನೊಬ್ಳೇ ಅಲ್ಲ, ನಮ್ ಕಡೆ ಯಾವ ಎಂಗ್ಸೂ ಯೋಳಾಕಿಲ್ಲ. ನೀವೇ ಅಂದ್ರಲ್ಲ ಮೇಡಂ, ಪ್ರಾಣ ಓದ್ರೂ ಬಾಯಿಂದ ಬರ್ಬಾರ್ದು ಅಂತ."

ನನಗೆ ತಟ್ಟನೆ ನಮ್ಮ ಕವಲಂದೆಯ ಮನೆಯ ಜಗಲಿ ನೆನಪಾಯಿತು. ಮತದಾರರ ಪಟ್ಟಿಗೋ ರೇಷನ್ ಕಾರ್ಡಿಗೋ ಯಾರಾದರೂ ಬಂದು ಯಜಮಾನರ ಹೆಸರೇನಮ್ಮ ಎಂದು ಕೇಳಿದರೆ, ಅವ್ವ ಹೆಸರು ಹೇಳದೆ ಹಿತ್ತಲಿನಲ್ಲಿ ಆಡುತ್ತಿದ್ದ ನನ್ನನ್ನು ಕೂಗುತ್ತಿದ್ದಳು. ನಾನು ಓಡಿಬಂದು ಅಪ್ಪನ ಹೆಸರು ಹೇಳಿ ಮತ್ತೆ ಓಡುತ್ತಿದ್ದೆ. ನಾನಿಲ್ಲದಿದ್ದರೆ ಪಕ್ಕದ ಮನೆಯವರು ಹೇಳಬೇಕು. ಗಂಡನ ಹೆಸರನ್ನು ಅವ್ವ ಬಾಯಲ್ಲಿ ಆಡಿದ್ದನ್ನು ನಾನು ಒಮ್ಮೆಯೂ ಕೇಳಿದವಳಲ್ಲ.

ಅಕ್ಕನ ಮುಖ ನೋಡಿದೆ. ಅವರಿಗೂ ಗೊತ್ತಾಯಿತು, ನನಗೆ ಗೊತ್ತಾಯಿತೆಂದು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಎಂಥ ಬುದ್ಧಿ! ನಾನು ಕೇಳಿದ್ದು ಬಾಯಿಂದ ಹೊರಬೀಳದ ಮಾತು. ಕೇಂದ್ರದ ಮೇಷ್ಟ್ರು, ಕಾರ್ಯದರ್ಶಿ, ಹೆಡ್ ಕ್ಲರ್ಕ್ ಯಾರಿಗೂ ಸಿಗದ ಅಂಥ ಮಾತನ್ನು ಅಕ್ಕ ತಮ್ಮ ಬದುಕಿನಿಂದಲೇ ತೆಗೆದಿದ್ದರು. ಪೊಲೀಸರು ಬಂದು ಕೇಳಿದರೂ ಅದು ಹೊರಗೆ ಬರುತ್ತಿರಲಿಲ್ಲ. ಖುಷಿಯಿಂದ ಅವರ ಕೈ ಹಿಡಿದುಕೊಂಡೆ.

ಆ ಖುಷಿ ಸಂಜೆ ಬಸ್ ನಿಲ್ದಾಣದವರೆಗೆ ಉಳಿಯಿತು. ಕವಲಂದೆ ಬಸ್ಸಿಗೆ ಕಾಯುತ್ತಾ ಸುಮ್ಮನೆ ತಲೆಯೆತ್ತಿದೆ. ಎದುರಿಗೆ ಅಕ್ಕನ ಯಜಮಾನರ ಅಂಗಡಿ. ಬಾಗಿಲಿಗಿಂತ ಅಗಲವಾದ ಬೋರ್ಡು. ಅದರ ಮೇಲೆ ಕೆಂಪು ಬಣ್ಣದ ಇಂಗ್ಲಿಷ್ ಅಕ್ಷರಗಳಲ್ಲಿ ಅವರ ಹೆಸರು, ಮುಂದೆ ಟೈಲರ್ಸ್ ಎಂದು. ರಾತ್ರಿಯೂ ಕಾಣಲಿ ಎಂದು ಮೇಲೊಂದು ಟ್ಯೂಬ್‌ಲೈಟ್ ಬೇರೆ. ಚಾಮರಾಜನಗರಕ್ಕೆ ಹೋಗುವ ಪ್ರಯಾಣಿಕರೆಲ್ಲ ಓದುತ್ತಿದ್ದ ಪಾಸ್‌ವರ್ಡ್.

ನಾನು ನಿಂತಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟೆ. ಪಕ್ಕದವರು ಒಂದು ಹೆಜ್ಜೆ ಸರಿದು ನಿಂತರು. ನಗು ನಿಂತ ಮೇಲೆ ಸಿಟ್ಟು ಬಂತು, ಈ ಸಲ ಉಪಯೋಗಕ್ಕೆ ಬರುವಂಥ ಸಿಟ್ಟು. ಹೇಳಬಾರದ ಮಾತು ಬೇರೆ, ಗೊತ್ತಿಲ್ಲದ ಮಾತು ಬೇರೆ. ಈ ಸೀಮೆಯಲ್ಲಿ ಹುಟ್ಟಿದ ಯಾರಾದರೂ ಒಂದು ನಿಮಿಷ ಕುಳಿತು, ಇಷ್ಟು ಬಿಗಿಯಾದ ಹೆಂಗಸು ಬಾಯಲ್ಲಿ ಆಡದೇ ಇಟ್ಟುಕೊಂಡಿರುವುದು ಏನು ಎಂದು ಯೋಚಿಸಿದರೆ ಸಾಕು, ಅಕ್ಕನ ಲಾಗಿನ್ ತೆರೆಯುತ್ತಿತ್ತು. ಯಾರೋ ಹಾಗೆ ಯೋಚಿಸಿದ್ದರು. ಸೋಮವಾರದೊಳಗೆ ಇದನ್ನು ಸಾಬೀತು ಮಾಡಿಯೇ ತೀರುತ್ತೇನೆ ಎಂದುಕೊಂಡೆ.

ಬರೀ ಅಕ್ಕನ ಒಂದು ಪಾಸ್‌ವರ್ಡ್ ತೆಗೆದು ತೋರಿಸಿದರೆ, ನಿನಗೆ ಅವಳೇ ಹೇಳಿರಬೇಕು ಎನ್ನುತ್ತಿದ್ದರು. ಯಾರ ಪಾಸ್‌ವರ್ಡನ್ನಾದರೂ ಅವರನ್ನು ಬಲ್ಲವರು ಊಹಿಸಬಹುದು ಎಂದು ತೋರಿಸಬೇಕಿತ್ತು. ಅದಕ್ಕೆ ನನಗೇ ಮೊದಲು ಖಾತ್ರಿಯಾಗಬೇಕು. ಮರುದಿನ ನರಸೀಪುರಕ್ಕೆ ಹೋದೆ. ಅಲ್ಲಿಯವರಿಗೆ ವಿಷಯ ಹೇಳಿ, ಎಲ್ಲರೂ ಹಳೆಯದನ್ನು ಬಿಟ್ಟು ಹೊಸ ಪಾಸ್‌ವರ್ಡ್ ಹಾಕಿಕೊಳ್ಳಿ, ಯಾರಿಗೂ ಹೇಳಬೇಡಿ, ನಾನು ಊಹಿಸುತ್ತೇನೆ ಎಂದೆ. ಅವರಿಗೆ ಇದು ಕಣಿ ಕೇಳಿದಷ್ಟೇ ಮೋಜಾಯಿತು. ಕೆಲಸ ಬಿಟ್ಟು ನನ್ನ ಸುತ್ತ ನಿಂತರು.

"ನಂದು ಯೋಳಿ ನೋಡಣ ಮೇಡಂ" ಎಂದು ಗ್ರಂಥಾಲಯದವರು ಮುಂದೆ ಬಂದರು. ಅವರ ಮನೆದೇವರು ಯಾವುದೆಂದು ನನಗೆ ಗೊತ್ತಿತ್ತು, ವರ್ಷವರ್ಷ ಅಲ್ಲಿಂದ ಪ್ರಸಾದ ತಂದು ಹಂಚುತ್ತಿದ್ದರು. ಒತ್ತಿದೆ, ತೆರೆಯಿತು. ಎಲ್ಲರೂ ಹೋ ಎಂದರು. ಲೆಕ್ಕಪತ್ರದವರದು ಹೊಸದಾಗಿ ಕೊಂಡ ಮೋಟಾರ್ ಸೈಕಲ್ಲಿನ ನಂಬರು. ಅದರ ಬಗ್ಗೆ ಆ ತಿಂಗಳು ಅವರು ಬೇರೆ ಮಾತೇ ಆಡಿರಲಿಲ್ಲ. ಟೈಪಿಸ್ಟ್ ಹೆಂಗಸಿನದು ಮಗಳನ್ನು ಮನೆಯಲ್ಲಿ ಕರೆಯುವ ಮುದ್ದಿನ ಹೆಸರು. ಕೆಲವರದು ಸಿಗಲಿಲ್ಲ. ಸಿಕ್ಕವರದೇ ಹೆಚ್ಚು. ಸಿಕ್ಕಾಗ ಅವರಿಗೆ ನಾಚಿಕೆಯಾಗುತ್ತಿರಲಿಲ್ಲ, ಸಂತೋಷವಾಗುತ್ತಿತ್ತು. ಇವಳಿಗೆ ನಮ್ಮ ಮನೆ ವಿಷಯ ಗೊತ್ತಿದೆ ಎಂಬ ಸಂತೋಷ.

ಇದೇ ನನ್ನ ಮೊದಲ ಸಂಶೋಧನೆ. ಆಮೇಲಿನ ವರ್ಷಗಳಲ್ಲಿ ಈ ವಿಷಯದಲ್ಲೇ ಓದಿದೆ, ಬೇರೆ ದೇಶಗಳಲ್ಲಿ ಜನ ಪಾಸ್‌ವರ್ಡನ್ನು ಹೇಗೆ ಆರಿಸುತ್ತಾರೆ ಎಂದು ಬರೆದವರನ್ನೂ ಓದಿದೆ. ಬಹಳ ತಿಳಿದವರು. ಆದರೆ ಕಣಿ ಕೇಳಲು ನಿಂತಂತೆ ನಿಂತ ಆ ಕಚೇರಿಯ ಮುಖಗಳನ್ನು ನೋಡದೆ ನನಗೆ ಅದ್ಯಾವುದೂ ಅರ್ಥವಾಗುತ್ತಿರಲಿಲ್ಲ. ಗುಟ್ಟು ಮಾಡು ಎಂದು ಕೂರಿಸಿದರೆ ಮನುಷ್ಯ ತನಗೆ ಪ್ರೀತಿಯಾದದ್ದನ್ನೇ ಒತ್ತುತ್ತಾನೆ. ಪ್ರೀತಿಯನ್ನೋ ಊರಿಗೆಲ್ಲ ಹೇಳಿಕೊಂಡೇ ಬಂದಿರುತ್ತಾನೆ.

ಸೋಮವಾರ ಸಭೆಗೆ ಮುಂಚೆ ಅಕ್ಕನನ್ನು ಪಕ್ಕಕ್ಕೆ ಕರೆದೆ. "ಎಲ್ಲರ ಮುಂದೆ ನಿಮ್ಮ ಪಾಸ್‌ವರ್ಡ್ ನಾನು ಒತ್ತಬೇಕಾಗುತ್ತೆ. ಬಾಯಲ್ಲಿ ಯಾರೂ ಹೇಳಲ್ಲ. ಪರದೆ ಮೇಲೆ ಬರೀ ಚುಕ್ಕಿ ಬರುತ್ತೆ. ನಿಮಗೆ ಬೇಡ ಅನಿಸಿದರೆ ನಾನು ಮಾಡಲ್ಲ."

ಅಕ್ಕ ಸಭೆಯ ಕೋಣೆಯ ಕಡೆ ನೋಡಿದರು. "ಅವ್ರೆಲ್ಲ ಗಂಡುಸ್ರು" ಎಂದರು. ಆಮೇಲೆ, "ಕಳ್ಳಿ ಅನ್ನುಸ್ಕೊಳೋದ್ಕಿಂತ ವಾಸಿ. ಒತ್ತಿ" ಎಂದರು.

ಸಭೆಯಲ್ಲಿ ಕಾರ್ಯದರ್ಶಿಗಳು, ಪ್ರಾಂಶುಪಾಲರು, ಮಂಡಳಿಯ ನಾಲ್ಕೈದು ಮಂದಿ. ಕರೆಯದೆ ಒಳಗೆ ಹೋದೆ. ಇದು ಕಂಪ್ಯೂಟರ್ ವಿಷಯ, ಉಸ್ತುವಾರಿ ನನ್ನದು, ನಾನು ಮಾತಾಡಿಯೇ ಹೋಗುವುದು ಎಂದೆ.

"ಆಕೆ ಯಾರಿಗೂ ಹೇಳಿಲ್ಲ ಅನ್ನೋದು ನಿಜ ಸಾರ್. ಹೇಳದೇ ಇದ್ದರೂ ತೆಗೆಯಬಹುದು. ಅದನ್ನು ತೋರಿಸ್ತೀನಿ."

"ಅಂಗಾದ್ರೆ ನಂದ್ ತೆಗಿ" ಎಂದರು ಕಾರ್ಯದರ್ಶಿಗಳು ನಗುತ್ತಾ. "ಈಗಿಂದು ಯಾರ್ಗೂ ಯೋಳಿಲ್ಲ ನಾನು. ಫೋನಲ್ಲೂ ಕೂಗಿಲ್ಲ."

ಮೇಜಿನ ಮೇಲಿದ್ದ ಕಂಪ್ಯೂಟರಿನ ಮುಂದೆ ಕುಳಿತೆ. ಅವರ ಮನೆದೇವರು ಮುಡುಕುತೊರೆಯ ಮಲ್ಲಿಕಾರ್ಜುನ, ಅದು ಎಲ್ಲರಿಗೂ ಗೊತ್ತು. ಒತ್ತಿದೆ. ತೆರೆಯಲಿಲ್ಲ. ಯಾರೋ ಕೆಮ್ಮಿದರು. ಅವರು ಮೆಚ್ಚುವುದು ಇನ್ನೇನು? ಪಾಸ್‌ವರ್ಡ್ ಬದಲಾಯಿಸಿದ ವರ್ಷ ಹುಟ್ಟಿದ ಮೊಮ್ಮಗಳು! ಅವಳ ನಾಮಕರಣಕ್ಕೆ ಎರಡೂ ಕಾಲೇಜಿನವರು ಹೋಗಿ ಊಟ ಮಾಡಿ ಬಂದಿದ್ದೆವು. ಒತ್ತಿದೆ. ಕಾರ್ಯದರ್ಶಿಗಳ ಲಾಗಿನ್ ಬಾಗಿಲು ತೆರೆದು ನಿಂತಿತು.

ಅವರ ನಗು ಹೋಯಿತು. ಅವರು ಮಾತಾಡುವ ಮುಂಚೆಯೇ ಅದನ್ನು ಮುಚ್ಚಿ ಅಕ್ಕನ ಲಾಗಿನ್ ತೆಗೆದೆ. ಅಕ್ಕ ಬಾಗಿಲ ಬಳಿ ನಿಂತಿದ್ದರು. "ಇವರ ಪಾಸ್‌ವರ್ಡ್ ನನಗೆ ಯಾರೂ ಹೇಳಿಲ್ಲ. ಇವರಿಗೆ ಅದನ್ನು ಹೇಳೋಕೂ ಬರಲ್ಲ. ನಿಮ್ಮ ಮನೆಗಳಲ್ಲೂ ಹೆಂಗಸರಿಗೆ ಅಂಥ ಒಂದು ಮಾತು ಹೇಳೋಕೆ ಬರಲ್ಲ. ಅದು ನಮ್ಮ ಬಸ್ ಸ್ಟ್ಯಾಂಡ್ ಎದುರು ಬೋರ್ಡಿನ ಮೇಲಿದೆ" ಎಂದು ಹೇಳಿ ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿದೆ. ಪರದೆಯ ಮೇಲೆ ಚುಕ್ಕಿಗಳು ಸಾಲಾಗಿ ಬಂದವು. ತೆರೆಯಿತು.

ಪ್ರಾಂಶುಪಾಲರು ಕಿಟಕಿಯ ಕಡೆ ತಿರುಗಿದರು. ಮಂಡಳಿಯ ಒಬ್ಬ ಹಿರಿಯರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಆ ಕೋಣೆಯಲ್ಲಿದ್ದ ಒಬ್ಬೊಬ್ಬ ಗಂಡಸಿಗೂ ಆ ಚುಕ್ಕಿಗಳು ಏನೆಂದು ಗೊತ್ತಾಗಿತ್ತು. ಮನೆಯಲ್ಲಿ ಅವರವರ ಹೆಂಡತಿಯರೂ ಅವರನ್ನು "ಇವ್ರು" ಎಂದೇ ಕರೆಯುತ್ತಿದ್ದರು.

"ಕಂಪ್ಯೂಟರ್ ಸುಳ್ಳು ಹೇಳಲಿಲ್ಲ ಸಾರ್" ಎಂದೆ. "ಯಾರ ಬಾಗಿಲಿನಿಂದ ಒಳಗೆ ಬಂದರು ಅಂತ ಹೇಳ್ತು. ಯಾರ ಕಾಲು ಅಂತ ಅದಕ್ಕೆ ಗೊತ್ತಿಲ್ಲ."

ಕಾರ್ಯದರ್ಶಿಗಳು ಅಕ್ಕನನ್ನು ನೋಡಿದರು. "ಓಗವ್ವ, ಕೆಲ್ಸ ನೋಡ್ಕೋ ಓಗು" ಎಂದರು. ಅಕ್ಕನಿಗೆ ಅಷ್ಟೇ ಸಾಕಿತ್ತು, ತಿರುಗಿದರು. ನನಗೆ ಸಾಲಲಿಲ್ಲ. ಇಲ್ಲಿ ನಾಲ್ಕು ಗೋಡೆಯ ನಡುವೆ ಹೇಳಿದರೆ ಆಗುವುದಿಲ್ಲ, ಅನುಮಾನ ಹಬ್ಬಿದ್ದು ಸ್ಟಾಫ್ ರೂಮಿನಲ್ಲಿ, ಅಲ್ಲೇ ಎಲ್ಲರೆದುರು ಇವರದೇನೂ ತಪ್ಪಿಲ್ಲ ಎಂದು ಹೇಳಬೇಕು ಎಂದು ಪಟ್ಟು ಹಿಡಿದೆ. "ನಿಂದೊಂದು ಅಟ" ಎಂದು ಗೊಣಗಿದರು. ಗೊಣಗುತ್ತಲೇ ಎದ್ದು ಬಂದು, ಎಲ್ಲರೂ ಚಹಾ ಕುಡಿಯುವ ಹೊತ್ತಿನಲ್ಲಿ ಸ್ಟಾಫ್ ರೂಮಿನ ನಡುವೆ ನಿಂತು ಹೇಳಿದರು. ಆ ಮಾತು ಅತ್ತೆಯ ಹೊಸಿಲಿಗೂ ಹೋಯಿತು. ಕೆಟ್ಟ ಮಾತು ಹೋಗುವ ಮುಂಚೆ ಹೋಯಿತು, ಅದೇ ದೊಡ್ಡದು.

ತಿದ್ದಿದವರು ಯಾರೆಂದು ಕೊನೆಗೂ ಪತ್ತೆಯಾಗಲಿಲ್ಲ. ಆ ವಿದ್ಯಾರ್ಥಿಯ ಪ್ರವೇಶಪತ್ರ ವಾಪಸಾಯಿತು. ನನಗೆ ಒಬ್ಬರ ಮೇಲೆ ಅನುಮಾನ ಇತ್ತು, ಈಗಲೂ ಇದೆ. ಪುರಾವೆ ಇಲ್ಲದೆ ಹೆಸರು ಹೇಳಿದರೆ ಅಕ್ಕನಿಗೆ ಕಾರ್ಯದರ್ಶಿಗಳು ಮಾಡಿದ್ದನ್ನೇ ನಾನು ಇನ್ನೊಬ್ಬರಿಗೆ ಮಾಡಿದಂತೆ.

ಅವತ್ತೇ ಮಧ್ಯಾಹ್ನ ಅಕ್ಕನಿಗೆ ಹೊಸ ಪಾಸ್‌ವರ್ಡ್ ಹಾಕಿಸಲು ಕೂರಿಸಿದೆ. ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಹಿಂದಿನಿಂದ ಒಂದೇ ಬೆರಳಿನ ಸದ್ದು ಕೇಳುತ್ತಿತ್ತು. ಒತ್ತುವುದು, ನಿಲ್ಲಿಸುವುದು, ಅಳಿಸುವುದು. ಬಹಳ ಹೊತ್ತು ತೆಗೆದುಕೊಂಡರು.

"ಆಯ್ತು ಮೇಡಂ."

"ಊರಿನವರಿಗೆ ಗೊತ್ತಿರೋದಲ್ಲ ತಾನೆ? ದೇವರು, ಮಕ್ಕಳು, ತವರೂರು?"

"ಯಾವ್ದೂ ಅಲ್ಲ."

"ನಿಮ್ಮ ಯಜಮಾನರಿಗೂ ಗೊತ್ತಿರಬಾರದು."

ಅಕ್ಕ ನಕ್ಕರು. ಆ ವಾರದಲ್ಲಿ ನಕ್ಕಿದ್ದು ಅದೇ ಮೊದಲು. "ಅವ್ರಿಗೆ ಎಲ್ ಗೊತ್ತಾಯ್ತದೆ ಬುಡಿ. ನಂಗೆ ಏನಿಷ್ಟ ಅಂತ ಇಲ್ಲೀಗಂಟ ಯಾರೂ ಕೇಳಿಲ್ಲ ಮೇಡಂ. ನಮ್ಮವ್ವ ಕೇಳಿಲ್ಲ, ನಮ್ಮತ್ತೆ ಕೇಳಿಲ್ಲ, ನಮ್ಮೋರೂ ಕೇಳಿಲ್ಲ. ಅದ್ನೇ ಆಕಿವ್ನಿ."

ಏನಕ್ಕ ಅದು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟು ದಿನ ಜೊತೆಯಲ್ಲಿ ಕೂತು ಬುತ್ತಿ ಹಂಚಿಕೊಂಡು ಉಂಡಿದ್ದೆವು, ನಾನೂ ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳುವ ಹಾಗೂ ಇರಲಿಲ್ಲ.